ಕಾರವಾರದಿಂದ ಅಂಕೋಲೆಗೆ — ಹಾಜರಿ ಪಟ್ಟಿಯಲ್ಲಿಲ್ಲದ ಮಕ್ಕಳನ್ನರಸಿ

ಕಾರವಾರಕ್ಕೆ ಹೋಗುವವರು ಬಹುಮಟ್ಟಿಗೆ ಕಡಲನ್ನು ಕಾಣಲು ಹೋಗುತ್ತಾರೆ. ನಾವೂ ಅದೇ ಉದ್ದೇಶದಿಂದ ಹೊರಟವರು. ಬೆಂಗಳೂರಿನ ಧೂಳು ಗದ್ದಲಗಳಿಂದ ನಾಲ್ಕು ದಿನವಾದರೂ ತಪ್ಪಿಸಿಕೊಂಡು ಸಮುದ್ರದ ಗಾಳಿಯಲ್ಲಿ ಕುಳಿತು ಬರಬೇಕೆಂಬುದು ನನ್ನ ಮಡದಿಯ ಬಹುದಿನದ ಅಪೇಕ್ಷೆ. ಅಂಕೋಲೆಯಲ್ಲಿ ನನ್ನ ತಂಗಿಯ ಮಗಳಿದ್ದಾಳೆ. ಹಲವು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು, ಈಗ ಸುತ್ತಲಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಹೊಣೆ ಹೊತ್ತವಳು. ಊರಿನವರ ಬಾಯಲ್ಲಿ ಅವಳು ಇಂದಿಗೂ ‘ಅಕ್ಕೋರು’. “ಮಾವ, ನೀವು ಬರುವುದಾದರೆ ಭಾನುವಾರಕ್ಕೆ ಕಾರವಾರದಲ್ಲೇ ಇಳಿದುಬಿಡಿ. ನಾನೂ ಅಲ್ಲಿಗೇ ಬರುತ್ತೇನೆ, ಸಂತೆಯಲ್ಲಿ ಸ್ವಲ್ಪ ಕೆಲಸವಿದೆ” ಎಂದು ತಿಳಿಸಿದಳು. ಸಂತೆಯಲ್ಲಿ ಶಾಲೆಯ ಅಕ್ಕೋರಿಗೆ ಇರುವ ಕೆಲಸವೆಂದರೆ ಕಾಯಿಪಲ್ಯ ಕೊಳ್ಳುವುದೇ ಇರಬೇಕೆಂದು ನಾವು ಎಣಿಸಿದೆವು. ನಮ್ಮ ಎಣಿಕೆ ಎಷ್ಟು ತಪ್ಪಾಗಿತ್ತೆಂಬುದನ್ನು ವಾಚಕರು ಮುಂದೆ ಕಾಣುವರು.

ಕಾರವಾರ ಹಳೆಯ ಜಿಲ್ಲಾ ಪಟ್ಟಣ. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದಂದಿನಿಂದ ಇದಕ್ಕೆ ಮುಖ್ಯಸ್ಥಳದ ಪಟ್ಟ. ಒಂದು ಕಡೆ ಸಹ್ಯಾದ್ರಿಯ ತುದಿಗಳು ಕಡಲಿಗೆ ಕಾಲು ಚಾಚಿವೆ. ಇನ್ನೊಂದು ಕಡೆ ಕಾಳಿ ನದಿ ಸದಾಶಿವಗಡದ ಬುಡವನ್ನು ತೊಳೆದು ಸಮುದ್ರ ಸೇರುತ್ತದೆ. ದೂರದಲ್ಲಿ ಕೂರ್ಮಗಡ, ದೇವಗಡದ ದೀಪಸ್ತಂಭ. ಹೊಳೆಗೆ ಅಡ್ಡಲಾಗಿ ನಾಲ್ಕು ದಶಕಗಳ ಕಾಲ ಗೋವೆಯ ದಾರಿಯನ್ನು ಹೊತ್ತಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿದ್ದ ಸಂಗತಿಯನ್ನು ಇಲ್ಲಿಯ ಜನ ಇಂದಿಗೂ ನಿನ್ನೆ ನಡೆದಂತೆ ಹೇಳುತ್ತಾರೆ. ಅಂದು ಹೊಳೆಗೆ ಬಿದ್ದ ಲಾರಿಯ ಚಾಲಕ ಬದುಕಿ ಬಂದನೆಂಬುದೇ ಅವರಿಗೆ ಸಮಾಧಾನ.

ಕಡಲ ದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತರುಣ ಕವಿ ಅಣ್ಣನ ಮನೆಗೆ ಬಂದು ತಂಗಿದರು. ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ವಿಹರಿಸಿದರು. ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. 1884ರಲ್ಲಿ ಅದು ಅಚ್ಚಾಯಿತು. ಜಗತ್ತನ್ನೇ ತೊರೆದೆನೆಂದು ಬೀಗುವ ಒಬ್ಬ ಸಂನ್ಯಾಸಿ. ಊರವರು ಹತ್ತಿರ ಸೇರಿಸದ ಒಬ್ಬಳು ಅನಾಥ ಬಾಲಿಕೆ. ಆ ಹುಡುಗಿ ಆಶ್ರಯ ಬೇಡಿ ಅವನ ಬಳಿ ಬರುತ್ತಾಳೆ. ಮಮತೆಯ ಬಲೆಗೆ ಬೀಳಲೊಲ್ಲದೆ ಅವನು ಅವಳನ್ನು ಬಿಟ್ಟು ಹೊರಟುಹೋಗುತ್ತಾನೆ. ಮನಸ್ಸು ತಿರುಗಿ ಮರಳಿ ಬರುವ ಹೊತ್ತಿಗೆ ಅವಳು ಇಲ್ಲ. ದಂಡೆಯ ಮೇಲೆ ಕುಳಿತು ಈ ಕಥೆಯನ್ನು ನನ್ನ ಮಡದಿಗೆ ಹೇಳುತ್ತಿದ್ದಾಗ ಸೊಸೆ ಬಂದಳು. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ರಟ್ಟಿನ ಹೊದಿಕೆಯ ಒಂದು ಉದ್ದನೆಯ ಪಟ್ಟಿ ಪುಸ್ತಕ.

ಜೋಳದ ಸುಳಿವು

ಕಾರವಾರದ ಭಾನುವಾರದ ಸಂತೆ ದೊಡ್ಡದು. ಹುಬ್ಬಳ್ಳಿ, ಹಾವೇರಿ, ಬೆಳಗಾವಿಯ ಕಡೆಯಿಂದ ಕಾಯಿಪಲ್ಯದ ಗಾಡಿಗಳು ಇಳಿದು ಬರುತ್ತವೆ. ಕೊಂಕಣಿ, ಕನ್ನಡ, ಮರಾಠಿಗಳು ಒಂದೇ ವಾಕ್ಯದಲ್ಲಿ ಕೂಡಿ ಬಾಳುತ್ತವೆ. ಸೊಸೆ ಬದನೆಯನ್ನೂ ನೋಡಲಿಲ್ಲ, ಬಸಳೆಯನ್ನೂ ನೋಡಲಿಲ್ಲ. ಜೋಳ ಮಾರುವವನ ಬಳಿ ಹೋಗಿ ನಿಂತಳು.

“ಜೋಳ ಕೊಳ್ಳುತ್ತೀಯಾ?” ಎಂದು ಕೇಳಿದೆ.

“ಇಲ್ಲ ಮಾವ, ಕೊಳ್ಳುವವರನ್ನು ನೋಡುತ್ತೇನೆ” ಎಂದಳು.

ಕರಾವಳಿಯ ಮನೆಗಳಲ್ಲಿ ಗಂಜಿ, ಕುಚ್ಚಲಕ್ಕಿಯ ಅನ್ನ, ಮೀನಿನ ಸಾರು. ಇಲ್ಲಿ ರೊಟ್ಟಿ ತಟ್ಟುವವರು ವಿರಳ. ಹಾಗಾದರೆ ಐದು ಸೇರು, ಹತ್ತು ಸೇರು ಜೋಳವನ್ನು ಒಮ್ಮೆಗೇ ಕಟ್ಟಿಸಿಕೊಂಡು ಹೋಗುವವರು ಯಾರು? ಘಟ್ಟದ ಮೇಲಿನಿಂದ ದುಡಿಯಲು ಇಳಿದು ಬಂದ ಕುಟುಂಬಗಳು. ಒಂಟಿ ಗಂಡಸು ಖಾನಾವಳಿಯಲ್ಲಿ ಉಣ್ಣುತ್ತಾನೆ. ಒಲೆ ಹೂಡಿ ರೊಟ್ಟಿ ತಟ್ಟುವ ಕಡೆ ಹೆಂಗಸಿದ್ದಾಳೆ, ಹೆಂಗಸಿದ್ದಲ್ಲಿ ಮಕ್ಕಳಿರುವ ಸಂಭವ ಹೆಚ್ಚು. ಇದು ಅವಳ ತರ್ಕ. ಜೋಳದ ವ್ಯಾಪಾರಿಗೆ ಅವಳ ಪರಿಚಯ ಚೆನ್ನಾಗಿತ್ತು. “ಹೋದ ವಾರ ಹೊಸಬರು ನಾಲ್ಕು ಮಂದಿ ಬಂದಿದ್ದರು ಅಕ್ಕೋರೆ, ಅವರ್ಸೆಯ ಆಚೆ ಕೆಲಸ ಅಂದರು” ಎಂದು ಅವನು ಸುದ್ದಿ ಕೊಟ್ಟ. ಸೊಸೆ ಪಟ್ಟಿಯಲ್ಲಿ ಬರೆದುಕೊಂಡಳು. ಅಂಕೋಲೆಯಲ್ಲಿ ಹಿಟ್ಟಿನ ಗಿರಣಿಯವನೊಬ್ಬನೂ ಇಂಥದೇ ಬೇಹುಗಾರನಂತೆ. ಅಕ್ಕಿ ಬೀಸುವ ಗಿರಣಿಗೆ ಜೋಳದ ಡಬ್ಬಿ ಬಂದರೆ ಅಕ್ಕೋರಿಗೆ ಫೋನು ಹೋಗುತ್ತದೆ.

ಈ ಬೇಹುಗಾರಿಕೆ ಯಾತಕ್ಕೆ? ಸಂಗತಿ ಸರಳವಾಗಿದೆ. 2002ರಲ್ಲಿ ನಮ್ಮ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಅದರ ಒಂಬತ್ತನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕು. ನಮ್ಮ ರಾಜ್ಯದಲ್ಲಿ ‘ಚಿನ್ನರ ಅಂಗಳ’, ‘ಕೂಲಿಯಿಂದ ಶಾಲೆಗೆ’, ಟೆಂಟ್ ಶಾಲೆ ಎಂಬ ಹೆಸರುಗಳಲ್ಲಿ ಇದಕ್ಕಾಗಿ ನಡೆದ ಪ್ರಯತ್ನಗಳು ಹಲವು. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ರಾಜ್ಯದ ಉಚ್ಚ ನ್ಯಾಯಾಲಯವೇ ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು.

“ಕಾಯಿದೆ ಬಾಗಿಲು ತೆರೆದಿಟ್ಟಿದೆ, ಮಾವ. ಆದರೆ ಬಾಗಿಲು ಎಲ್ಲಿದೆಯೆಂದು ಅವರಿಗೆ ತಿಳಿಯದು, ಅವರು ಎಲ್ಲಿದ್ದಾರೆಂದು ನಮಗೆ ತಿಳಿಯದು” ಎಂದು ಸೊಸೆ ನಕ್ಕಳು.

ಬಂದರಿನ ಪಾಠ

ಮರುದಿನ ಬೆಳಿಗ್ಗೆ ಬೈತಖೋಲದ ಮೀನುಗಾರಿಕೆ ಬಂದರಿಗೆ ಹೋದೆವು. ಬೋಟುಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಬಲೆ ಹೊಲಿಯುವವರು, ಮಂಜುಗಡ್ಡೆ ಹೊರುವವರು, ಬುಟ್ಟಿಗಳ ಮುಂದೆ ಗಟ್ಟಿ ದನಿಯಲ್ಲಿ ಚೌಕಾಶಿ ಮಾಡುವ ಮೀನುಗಾರ ಹೆಂಗಸರು. ಬೋಟಿನ ಮಾಲಿಕರು ಕೊಂಕಣಿ ಆಡುತ್ತಾರೆ. ಕೆಲಸದವರಲ್ಲಿ ಒಡಿಶಾ, ಝಾರ್ಖಂಡ, ತಮಿಳುನಾಡುಗಳ ಮಾತು ಕೇಳುತ್ತದೆ.

ವಲಸೆ ಬಂದವರು ಇಷ್ಟೊಂದು ಮಂದಿ ಇರುವಾಗ ಮಕ್ಕಳೂ ಇಲ್ಲಿಯೇ ಹೆಚ್ಚು ಸಿಗಬೇಕೆಂದು ನಾನು ಊಹಿಸಿದೆ. ಸೊಸೆಯೂ ಮೊದಲ ವರ್ಷ ಹೀಗೆಯೇ ಊಹಿಸಿ, ಎರಡು ದಿನ ಅಲೆದು, ಬರಿಗೈಯಲ್ಲಿ ಮರಳಿದ್ದಳಂತೆ. ಬೋಟಿನಲ್ಲಿ ದುಡಿಯುವವರು ಬಹುತೇಕ ಒಂಟಿಯಾಗಿ ಬಂದ ಗಂಡಸರು. ಊಟ ನಿದ್ದೆಗಳೆಲ್ಲ ಬೋಟಿನಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಊರಿಗೆ ಹೋಗಿ, ಆಗಸ್ಟಿನಲ್ಲಿ ಮರಳುತ್ತಾರೆ. ಒಡಿಶಾದ ಒಬ್ಬ ತರುಣ ತನ್ನ ಮೊಬೈಲಿನಲ್ಲಿ ಮಗಳ ಚಿತ್ರವನ್ನು ತೋರಿಸಿದ. ನೀಲಿ ಸಮವಸ್ತ್ರ, ಎರಡು ಜಡೆ. ಅವಳು ಅಜ್ಜಿಯ ಬಳಿ ಇದ್ದು ಊರಿನ ಶಾಲೆಗೆ ಹೋಗುತ್ತಾಳೆ. ತಂದೆಯನ್ನು ವರ್ಷಕ್ಕೆ ಎರಡು ತಿಂಗಳು ಕಾಣುತ್ತಾಳೆ.

ಆದುದರಿಂದ ಕೆಲಸಗಾರರ ಸಂಖ್ಯೆಯನ್ನು ನೋಡಿ ಯೋಜನೆ ಹಾಕಿದರೆ ಕೆಡುತ್ತದೆ. ಗಂಡ ಹೆಂಡತಿ ಜೊತೆಯಾಗಿ ಕೂಲಿ ಪಡೆಯುವ ಕೆಲಸಗಳಾವುವೆಂದು ನೋಡಬೇಕು: ರಸ್ತೆ, ಚರಂಡಿ, ಕಟ್ಟಡ, ಕಲ್ಲು ಕೀಳುವುದು, ಕೇಬಲ್ಲಿಗೆ ನೆಲ ಅಗೆಯುವುದು. ಕೊಪ್ಪಳ, ರಾಯಚೂರು, ವಿಜಯಪುರ, ಬಾಗಲಕೋಟೆ, ಗದಗಗಳಿಂದ ಹಿಂಗಾರಿ ಬೆಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಕುರಿ ಕೋಳಿಗಳನ್ನು ನೆರೆಯವರಿಗೊಪ್ಪಿಸಿ, ಮಕ್ಕಳನ್ನು ಕಟ್ಟಿಕೊಂಡೇ ಬರುವವರು ಇಂಥ ಕೆಲಸಗಳಿಗೆ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಬರುವ ಹುಬ್ಬಳ್ಳಿಯ ದಾರಿ ಅವರನ್ನು ನೇರವಾಗಿ ಅಂಕೋಲೆಗೆ ತಂದು ಬಿಡುತ್ತದೆ.

ಹೆದ್ದಾರಿಯ ಗುಂಟ

ಕಾರವಾರದಿಂದ ಅಂಕೋಲೆಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರು. ಬಿಣಗಾ, ಅರ್ಗಾ, ಚೆಂಡಿಯೆ, ತೋಡೂರು, ಅಮದಳ್ಳಿ, ಮುದಗಾ, ಹಾರವಾಡ, ಅವರ್ಸೆ. ಬಲಕ್ಕೆ ಕಡಲು ಇಣುಕುತ್ತದೆ, ಎಡಕ್ಕೆ ಗುಡ್ಡ ಒತ್ತಿ ನಿಲ್ಲುತ್ತದೆ. ಅರ್ಗಾದಲ್ಲಿ ನೌಕಾನೆಲೆ. 1986ರಲ್ಲಿ ಅಡಿಗಲ್ಲು ಬಿದ್ದು, 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ವೆಂದು ನಾಮಕರಣಗೊಂಡ ಈ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ತೋಡೂರು, ಹಾರವಾಡ ಮೊದಲಾದ ಕಡೆಯ ಪುನರ್ವಸತಿ ಕಾಲೊನಿಗಳಿಗೆ ಬಂದವು. ಬೇರು ಕಿತ್ತು ನೆಡುವುದು ಏನೆಂದು ಈ ದಂಡೆಯ ಜನ ಬಲ್ಲರು. ಅಂಥ ಕಾಲೊನಿಯೊಂದರ ಮುದುಕಿಯೊಬ್ಬರು, ರಸ್ತೆಯ ಕೆಲಸದವರ ಮಕ್ಕಳಿಗೆ ತಮ್ಮ ಜಗುಲಿಯಲ್ಲಿ ಕುಳಿತು ಓದಲು ಜಾಗ ಕೊಟ್ಟಿದ್ದರೆಂದು ಸೊಸೆ ಹೇಳಿದಳು.

ಬಸ್ಸಿನಲ್ಲಿ ಕುಳಿತು ಅವಳ ಪಟ್ಟಿ ಪುಸ್ತಕವನ್ನು ಬಿಡಿಸಿ ನೋಡಿದೆ. ಒಂಬತ್ತು ಅಂಕಣಗಳು: ಎಲ್ಲಿ, ಯಾವ ಕೆಲಸ, ಯಾವ ಊರಿನವರು, ಮನೆಮಾತು, ಮಕ್ಕಳೆಷ್ಟು, ಹತ್ತಿರದ ಶಾಲೆ, ನಡುವೆ ಏನಿದೆ, ಯಾವಾಗ ಹೋಗುವರು, ಮುಂದೆ ಎಲ್ಲಿಗೆ. ‘ನಡುವೆ ಏನಿದೆ’ ಎಂಬಲ್ಲಿ ‘ನಾಲ್ಕು ಪಥದ ಹೆದ್ದಾರಿ’, ‘ರೈಲು ಹಳಿ’, ‘ಉಬ್ಬರದಲ್ಲಿ ನೀರು ತುಂಬುವ ಕೋಡಿ’ ಎಂದು ಬರೆದಿತ್ತು. ನಕ್ಷೆಯಲ್ಲಿ ಶಾಲೆ ಅರ್ಧ ಕಿಲೋಮೀಟರಿನಲ್ಲಿರಬಹುದು. ಏಳು ವರ್ಷದ ಮಗುವಿಗೆ ಅದು ಕಾಶಿಯಷ್ಟು ದೂರ.

ಕಾಲದ ಲೆಕ್ಕವೂ ವಿಚಿತ್ರವಾದುದು. ನಮ್ಮ ಶಾಲೆಯ ವರ್ಷ ಜೂನಿನಲ್ಲಿ ಹುಟ್ಟಿ ಏಪ್ರಿಲಿನಲ್ಲಿ ಮುಗಿಯುತ್ತದೆ. ಈ ಕುಟುಂಬಗಳ ವರ್ಷ ದಸರೆ ದೀಪಾವಳಿಗಳ ಹೊತ್ತಿಗೆ ಹುಟ್ಟಿ, ಮೃಗಶಿರೆಯ ಮಳೆಗೆ ಮುನ್ನ ಮುಗಿಯುತ್ತದೆ. ನಡುವೆ ಯುಗಾದಿಗೆಂದು ಎಂಟು ದಿನ ಊರಿಗೆ ಹೋಗಿಬರುವುದು. ಜೂನಿನಲ್ಲಿ ಡಂಗುರ ಸಾರಿ ದಾಖಲಾತಿ ಆಂದೋಲನ ನಡೆಯುವಾಗ ಇಲ್ಲಿಯ ತಗಡಿನ ಶೆಡ್ಡುಗಳು ಖಾಲಿ. ಅವು ತುಂಬಿಕೊಳ್ಳುವಾಗ ಆಂದೋಲನದ ಫಲಕಗಳು ಮಳೆಗೆ ತೊಯ್ದು ಹರಿದಿರುತ್ತವೆ. ಆದ್ದರಿಂದ ಸೊಸೆಯ ಹುಡುಕಾಟ ನವೆಂಬರಿನಲ್ಲಿ ಮೊದಲಾಗುತ್ತದೆ.

ದಿನದ ವೇಳೆಯೂ ಮುಖ್ಯ. ಕಚೇರಿಯ ವೇಳೆಯಲ್ಲಿ ಹೋದರೆ ಮಕ್ಕಳು ಮಾತ್ರ ಸಿಗುತ್ತಾರೆ, ನಿರ್ಧಾರ ಮಾಡುವ ತಂದೆ ತಾಯಿ ಸಿಗುವುದಿಲ್ಲ. ಸಂಜೆ ಆರೂವರೆಯ ಮೇಲೆ, ಮೈ ತೊಳೆದು ಒಲೆಯ ಮುಂದೆ ಕುಳಿತಾಗ ಹೋಗಬೇಕು. ಜೀಪಿನಲ್ಲಿ ಹೋಗಬಾರದು; ಜೀಪು ಕಂಡರೆ ಪೊಲೀಸರೋ ಅರಣ್ಯದವರೋ ಎಂದು ಶೆಡ್ಡು ಮೌನವಾಗುತ್ತದೆ. ಮೊದಲು ಮುಕಾದಮನನ್ನು ಕಂಡು ಎರಡು ಮಾತಾಡಬೇಕು. “ಮಕ್ಕಳು ಶಾಲೆ ಬಿಟ್ಟಿದ್ದಾರೆಯೆ?” ಎಂದು ಕೇಳಿದರೆ ಯಾರಾದರೂ ತಪ್ಪೊಪ್ಪಿಕೊಳ್ಳುವರೆ? “ಊರಿನಲ್ಲಿ ಎಷ್ಟನೆಯ ಇಯತ್ತೆ?” ಎಂದು ಕೇಳಬೇಕು. ಆಗ ಮಗು ತಾನೇ ಮುಂದೆ ಬಂದು ಹೇಳುತ್ತದೆ.

ಇದೆಲ್ಲ ನಮ್ಮ ನಾಡಿಗೆ ಮಾತ್ರ ಬಂದ ಕಷ್ಟವಲ್ಲ. ಇಂಗ್ಲೆಂಡಿನಲ್ಲಿ ಕಾಲುವೆಯ ದೋಣಿಗಳಲ್ಲೇ ಹುಟ್ಟಿ ಬೆಳೆಯುತ್ತಿದ್ದ ಮಕ್ಕಳು ಯಾವ ಊರಿನ ಶಾಲೆಗೂ ಸೇರದೆ ಹೋಗುತ್ತಿದ್ದರು. ಜಾರ್ಜ್ ಸ್ಮಿತ್ ಎಂಬ ಹಟವಾದಿಯ ಹೋರಾಟದಿಂದ 1877ರಲ್ಲಿ ಕಾಯಿದೆಯಾಗಿ, ಪ್ರತಿಯೊಂದು ದೋಣಿಯೂ ಒಂದು ಊರಿನ ಹೆಸರಿನಲ್ಲಿ ನೋಂದಣಿಯಾಗಬೇಕೆಂದಾಯಿತು. ಆ ಊರಿನ ಶಾಲೆ ಆ ಮಕ್ಕಳ ಶಾಲೆಯಾಯಿತು. ಅಮೇರಿಕೆಯಲ್ಲಿ ಬೆಳೆ ಕೊಯ್ಯುತ್ತ ರಾಜ್ಯದಿಂದ ರಾಜ್ಯಕ್ಕೆ ಅಲೆಯುವ ಕೂಲಿಗಾರರ ಮಕ್ಕಳಿಗಾಗಿ 1966ರಲ್ಲಿ ಪ್ರತ್ಯೇಕ ಯೋಜನೆ ಹುಟ್ಟಿತು. ಅಂಥ ಮಕ್ಕಳನ್ನು ಹೊಲ ತೋಟಗಳಲ್ಲಿ ಹುಡುಕಿ, ಅರ್ಹತೆಯನ್ನು ಬರೆದುಕೊಳ್ಳುವುದಕ್ಕೆಂದೇ ಅಲ್ಲಿ ನೌಕರರಿದ್ದಾರೆ. ನಮ್ಮ ಅಂಕೋಲೆಯ ಅಕ್ಕೋರು ಅದನ್ನು ಉಳಿದೆಲ್ಲ ಕೆಲಸಗಳ ಜೊತೆಗೆ, ಸಂಜೆಯ ಬಸ್ಸಿನಲ್ಲಿ ಮಾಡುತ್ತಾಳೆ.

ತಗಡಿನ ಶೆಡ್ಡಿನಲ್ಲಿ

ಅವರ್ಸೆಯ ಆಚೆ ಬಸ್ಸಿಳಿದಾಗ ಸಂಜೆಗೆಂಪು ಕಡಲ ಮೇಲೆ ಹರಡಿತ್ತು. ಗೇರುಮರಗಳ ಹಿಂದೆ ಎಂಟು ಹತ್ತು ತಗಡಿನ ಶೆಡ್ಡುಗಳು. ಜೋಳದ ವ್ಯಾಪಾರಿ ಕೊಟ್ಟ ಸುದ್ದಿ ನಿಜವಾಗಿತ್ತು. ಮುಕಾದಮ ನಮಗೆ ಕೂರಲು ಸಿಮೆಂಟಿನ ಚೀಲ ಹಾಸಿಸಿದ. ಸೊಸೆ ತನ್ನ ಪ್ರಶ್ನೆಯನ್ನು ಕೇಳಿದೊಡನೆ ಒಂಬತ್ತು ಮಕ್ಕಳು ಸುತ್ತ ನೆರೆದರು. ಒಬ್ಬನು ಎರಡನೆಯ ಇಯತ್ತೆ. ಇನ್ನೊಬ್ಬನು ಯಾವ ಇಯತ್ತೆಯೂ ಅಲ್ಲ. ಲಂಬಾಣಿ ಮನೆಮಾತಿನ ಅಕ್ಕ ತಂಗಿಯರಿಬ್ಬರು ಒಬ್ಬರ ಸೆರಗನ್ನೊಬ್ಬರು ಹಿಡಿದು ನಿಂತರು.

ಹತ್ತು ವರ್ಷದ ಹುಡುಗಿಯೊಬ್ಬಳು ಮಾತ್ರ ದೂರದಲ್ಲೇ ಉಳಿದಳು. ಸೊಂಟದ ಮೇಲೆ ಮೂರು ತುಂಬಿದ ತಮ್ಮ. ನನ್ನ ಮಡದಿ ಅವಳನ್ನು ಹತ್ತಿರ ಕರೆದು ಹೆಸರು ಕೇಳಿದಳು. ಅವಳು ಹೆಸರಿನ ಬದಲು, “ನಾ ನಾಕನೇ ಇಯತ್ತೆರಿ. ಹದಿನಾರರ ಮಗ್ಗಿ ತನಕ ಬರ್ತದ” ಎಂದಳು. ಹೇಳೆಂದು ನಾವು ಕೇಳುವ ಮುನ್ನವೇ ಹದಿನಾರರ ಮಗ್ಗಿಯನ್ನು ಹೇಳಿ ಮುಗಿಸಿದಳು. ಹೇಳುತ್ತಿರುವಾಗ ತಮ್ಮನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಎರಡು ಸಲ ಬದಲಾಯಿಸಿದಳು.

ತಾಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಸೊಸೆ ಹತ್ತಿರ ಹೋಗಿ ಕುಳಿತಳು.

“ಸಾಲಿಗೆ ಕಳಸಾಕ ನಮಗ ಮನಸಿಲ್ಲ ಅಂತ ತಿಳೀಬ್ಯಾಡ್ರಿ ಅಕ್ಕಾರ. ಇದು ಹ್ವಾದ್ರ ಅದನ್ನ ಯಾರ್ ನೋಡ್ಕೋಬೇಕು? ಕೂಸಿನ ಕರಕೊಂಡು ಟಾರು ಕುದಿಯೂ ಕಡೆ ಹೋಗಾಕ ಬರ್ತದೇನ್ರಿ?” ಎಂದಳು ಆ ತಾಯಿ. ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

ನಾನೇನೋ ಹಕ್ಕು, ಕಾಯಿದೆ ಎಂದು ತೊಡಗುವವನಿದ್ದೆ. ಸೊಸೆ ಅದಾವುದನ್ನೂ ಎತ್ತಲಿಲ್ಲ. “ಶಾಲೆಯ ಆವರಣದಲ್ಲೇ ಅಂಗನವಾಡಿ ಇದೆ ತಂಗೀ. ಮೂರು ತುಂಬಿದ ಮಗುವನ್ನು ಅಲ್ಲಿ ಕೂರಿಸಿಕೊಳ್ಳುತ್ತಾರೆ, ಊಟವೂ ಅಲ್ಲೇ. ಅಕ್ಕ ಈ ಕಡೆಯ ಕೋಣೆಯಲ್ಲಿ, ತಮ್ಮ ಆ ಕಡೆಯ ಕೋಣೆಯಲ್ಲಿ” ಎಂದಳು. ತಾಯಿ ಮೊದಲ ಬಾರಿಗೆ ಮುಖವೆತ್ತಿ ನೋಡಿದಳು. “ರಸ್ತೆ ದಾಟೂದು?” ಎಂದಳು. ಅದಕ್ಕೂ ಉತ್ತರ ಸಿದ್ಧವಾಗಿತ್ತು. ಬಿಸಿಯೂಟದ ಅಡುಗೆಯಾಕೆ ದಿನವೂ ಬೆಳಿಗ್ಗೆ ಆ ದಾರಿಯಲ್ಲೇ ಹೋಗುವವಳು. ಮಕ್ಕಳನ್ನು ಕೈಹಿಡಿದು ದಾಟಿಸುವುದಕ್ಕೆ ಅವಳನ್ನು ಹಿಂದಿನ ದಿನವೇ ಒಪ್ಪಿಸಲಾಗಿತ್ತು.

ಆ ಒಂಬತ್ತು ಮಕ್ಕಳ ಹೆಸರುಗಳು ಪಟ್ಟಿ ಪುಸ್ತಕಕ್ಕೆ ಬಂದವು. ಆದರೆ ಪುಸ್ತಕದಿಂದ ಶಾಲೆಯ ಹಾಜರಿಗೆ ಹೋಗುವ ದಾರಿ ಹೆದ್ದಾರಿಗಿಂತ ಕಠಿಣವಾಗಿತ್ತು. ಮರುದಿನ ಮುಖ್ಯಾಧ್ಯಾಪಕರೊಬ್ಬರು ಚಹ ತರಿಸಿಕೊಟ್ಟು ತಮ್ಮ ಸಂಕಟವನ್ನು ತೋಡಿಕೊಂಡರು. ಮಕ್ಕಳು ಎರಡು ತಿಂಗಳಿದ್ದು ಹೇಳದೆ ಹೋಗಿಬಿಡುತ್ತಾರೆ. ಹೋದ ಮೇಲೆ ಹೆಸರು ಮಾತ್ರ ಉಳಿದು, ‘ಶಾಲೆ ಬಿಟ್ಟವರು’ ಎಂಬ ಕಳಂಕ ತಮ್ಮ ಶಾಲೆಗೆ ಹತ್ತುತ್ತದೆ. ಮೇಲಿನವರ ಪ್ರಶ್ನೆಗೆ ಉತ್ತರಿಸುವವರು ತಾವು. ಅವರು ಕೆಟ್ಟ ಮನುಷ್ಯರಲ್ಲ. ಕಾಗದಕ್ಕೆ ಹೆದರಿದ ಮನುಷ್ಯರು. ಸೊಸೆ ಅಲ್ಲಿಂದಲೇ ಹುಡುಗಿಯ ಊರಿನ ಶಾಲೆಗೆ ಫೋನು ಮಾಡಿದಳು. ಅಲ್ಲಿಯ ಮಾಸ್ತರರು ಹುಡುಗಿಯ ಹೆಸರು ಕೇಳಿದೊಡನೆ ಗುರುತಿಸಿದರು. “ಶ್ಯಾಣ್ಯಾ ಹುಡುಗಿ ರೀ. ಹೆಸರು ತಗದಿಲ್ಲ, ಬರ್ತಾಳಂತ ಕಾಯಾಕತ್ತೀನಿ” ಎಂದರು. ವಿದ್ಯಾರ್ಥಿ ಸಂಖ್ಯೆ ದೊರೆಯಿತು. ಅಲ್ಲಿಂದ ಬಿಡುಗಡೆ, ಇಲ್ಲಿ ಸೇರ್ಪಡೆ. ಎಲ್ಲ ಮುಗಿಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವನ್ನು ಯಾರೂ ವ್ಯಯಿಸದಿದ್ದುದರಿಂದ ಹುಡುಗಿ ನವೆಂಬರಿನಿಂದ ತಮ್ಮನನ್ನು ಹೊತ್ತು ನಿಂತಿದ್ದಳು.

ಅಂಕೋಲೆಯ ನೆನಪು

ಅಂಕೋಲೆಯ ಹೆಸರು ಕೇಳಿದರೆ ಸ್ವಾತಂತ್ರ್ಯ ಹೋರಾಟ ನೆನಪಾಗುತ್ತದೆ. 1930ರ ಏಪ್ರಿಲಿನಲ್ಲಿ ಇಲ್ಲಿಯ ದಂಡೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಕರನಿರಾಕರಣೆಯಲ್ಲಿ ಹೊಲ ಮನೆಗಳನ್ನು ಕಳೆದುಕೊಂಡರೂ ಬಗ್ಗಲಿಲ್ಲ. ಇದೇ ತಾಲೂಕಿನ ಅಲಗೇರಿಯವರು ದಿನಕರ ದೇಸಾಯಿ. ಚುಟುಕಗಳ ಕವಿಯೆಂದು ಅವರನ್ನು ಬಲ್ಲವರು ಹೆಚ್ಚು. ಆದರೆ ಈ ದಂಡೆಯ ಮುದುಕರನ್ನು ಕೇಳಿದರೆ, ಅವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳ ಮಾತನ್ನು ಮೊದಲು ಎತ್ತುತ್ತಾರೆ. ಹೈಸ್ಕೂಲು ಕಾಣದ ಹಳ್ಳಿಗಳಿಗೆ ಹೈಸ್ಕೂಲು ಬಂತು. ರೈತರ, ಮೀನುಗಾರರ, ಹಾಲಕ್ಕಿ ಒಕ್ಕಲಿಗರ ಮಕ್ಕಳು ಬೆಂಚಿನ ಮೇಲೆ ಕುಳಿತರು. ಶಾಲೆಯ ಮೆಟ್ಟಿಲನ್ನೇ ಹತ್ತದ ಹೊನ್ನಳ್ಳಿಯ ತುಳಸಿ ಗೌಡರು, ಬಡಗೇರಿಯ ಸುಕ್ರಿ ಬೊಮ್ಮಗೌಡರು ಗಿಡಗಳಿಂದಲೂ ಹಾಡುಗಳಿಂದಲೂ ಪದ್ಮಶ್ರೀಗೆ ಪಾತ್ರರಾದದ್ದು ಈ ತಾಲೂಕಿನ ಇನ್ನೊಂದು ಹೆಮ್ಮೆ. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಮುಂದಿನ ಸಂಜೆ ದಕ್ಷಿಣಕ್ಕೆ ಗಂಗಾವಳಿಯ ಕಡೆಗೆ ಹೋದೆವು. ಶಿರೂರಿನಲ್ಲಿ 2024ರ ಜುಲೈ 16ರಂದು ಕುಸಿದ ಗುಡ್ಡದ ಗಾಯ ಕೆಂಪಗೆ ಕಾಣುತ್ತಿತ್ತು. ಅಂದು ದಾರಿಬದಿಯ ಚಹದಂಗಡಿಯೂ, ಅದನ್ನು ನಡೆಸುತ್ತಿದ್ದ ಕುಟುಂಬವೂ, ನಿಂತಿದ್ದ ವಾಹನಗಳೂ ಮಣ್ಣಿನೊಡನೆ ಹೊಳೆಗೆ ಹೋದವು. ಆ ದಿನದ ನಂತರ ಸೊಸೆಯ ಪಟ್ಟಿಯಲ್ಲಿ ಕೆಂಪು ಶಾಯಿಯ ಗುರುತೊಂದು ಸೇರಿದೆ: ಕಡಿದ ಗುಡ್ಡದ ಬುಡದಲ್ಲಿ ಶೆಡ್ಡು ಹಾಕಿದ್ದರೆ ಅದನ್ನು ಬರೆದು ತಾಲೂಕು ಕಚೇರಿಗೆ ತಿಳಿಸುವುದು. ಮಗುವನ್ನು ಶಾಲೆಗೆ ಹುಡುಕಲು ಹೋದವರಿಗೆ ಮಗು ಮಲಗುವ ಜಾಗವೂ ಕಣ್ಣಿಗೆ ಬೀಳುತ್ತದೆ. ಅಲಗೇರಿಯ ಸುತ್ತ ವಿಮಾನ ನಿಲ್ದಾಣಕ್ಕೆಂದು ಭೂಸ್ವಾಧೀನ ನಡೆದಿದೆ; ಕೇಣಿಯಲ್ಲಿ ಬಂದರಿನ ಯೋಜನೆಗೆ ಮೀನುಗಾರರು ವಿರೋಧ ಸೂಚಿಸಿದ್ದಾರೆ. ಅವು ಏನೇ ಆಗಲಿ, ಅಗೆಯುವ ಕೈಗಳಂತೂ ಘಟ್ಟದ ಮೇಲಿನಿಂದಲೇ ಬರಬೇಕು. ಪಟ್ಟಿಯ ಹಾಳೆಗಳು ಹೆಚ್ಚುವುದೇ ಹೊರತು ಕಡಿಮೆಯಾಗಲಾರವು.

ಒಂದು ಕಾಗದ

ನಾವು ಹೊರಡುವ ದಿನ ಸೊಸೆ ಅಂಚೆಕಚೇರಿಯಿಂದ ಐವತ್ತು ಪೈಸೆಯ ಅಂಚೆಕಾರ್ಡುಗಳ ಕಟ್ಟೊಂದನ್ನು ತಂದಳು. ಇಂದಿನ ಕಾಲದಲ್ಲಿ ಕಾರ್ಡು ಯಾಕೆಂದು ನಾನು ನಕ್ಕೆ. ಕೂಲಿಗಾರರ ಫೋನಿನ ಸಂಖ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಕಾರ್ಡಿನ ಮೇಲಿನ ವಿಳಾಸ ಬದಲಾಗುವುದಿಲ್ಲ. ತನ್ನ ಶಾಲೆಯ ವಿಳಾಸವನ್ನು ಬರೆದು ಪ್ರತಿ ಮಗುವಿನ ಚೀಲಕ್ಕೆ ಒಂದೊಂದು ಕಾರ್ಡು ಹಾಕುತ್ತಾಳೆ. ಹೊಸ ಊರಿಗೆ ಹೋದೊಡನೆ ಮಗು ಅದನ್ನು ಅಂಚೆಪೆಟ್ಟಿಗೆಗೆ ಹಾಕಬೇಕು. ಆಗ ಒಂಬತ್ತನೆಯ ಅಂಕಣ ತುಂಬುತ್ತದೆ. ಅಲ್ಲಿಯ ಶಾಲೆಗೆ ಇವಳ ಫೋನು ಹೋಗುತ್ತದೆ.

ಹುಡುಗಿ ಹತ್ತು ವಾರ ಶಾಲೆಗೆ ಬಂದಳೆಂದು ಆಮೇಲೆ ತಿಳಿಯಿತು. ತಮ್ಮ ಅಂಗನವಾಡಿಯಲ್ಲಿ ಮೊದಲ ಮೂರು ದಿನ ಅತ್ತು, ನಾಲ್ಕನೆಯ ದಿನ ಮನೆಗೆ ಹೋಗಲೊಲ್ಲೆನೆಂದು ಅತ್ತನಂತೆ. ಪರೀಕ್ಷೆಗೆ ಕೆಲವೇ ದಿನ ಉಳಿದಿರುವಾಗ ಒಂದು ರಾತ್ರಿ ಲಾರಿ ಬಂದು ಶೆಡ್ಡಿನವರನ್ನೆಲ್ಲ ಬೇರೆಡೆಯ ಕೆಲಸಕ್ಕೆ ಕರೆದುಕೊಂಡು ಹೋಯಿತು. ಎಲ್ಲಿಗೆಂದು ಮುಕಾದಮನ ಫೋನು ಹೇಳಲಿಲ್ಲ, ಅದು ಮುಚ್ಚಿಹೋಗಿತ್ತು.

ಮಳೆಗಾಲ ಬಂತು. ಆಷಾಢದ ಒಂದು ದಿನ ಸೊಸೆಯ ಫೋನು ಬಂತು.

“ಮಾವ, ಕಾರ್ಡು ಬಂದಿದೆ!”

“ಯಾರದು?”

“ಹದಿನಾರರ ಮಗ್ಗಿಯವಳದು. ‘ಅಕ್ಕಾರ, ನಾ ಐದನೇ ಇಯತ್ತೆ. ಸಾಲಿಗೆ ಹೊಂಟೀನಿ. ತಮ್ಮನೂ ಬರ್ತಾನ’ ಎಂದು ಬರೆದಿದ್ದಾಳೆ. ಕೆಳಗೆ ಒಂದು ತೆಂಗಿನ ಮರ, ಸಮುದ್ರ, ಒಂದು ದೋಣಿ.”

“ಯಾವ ಊರಂತೆ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು ಕೇಳಿಸಿತು. “ಊರನ್ನೇ ಬರೆದಿಲ್ಲ ಮಾವ. ಅಂಚೆಯ ಮುದ್ರೆ ಮಳೆಗೆ ತೊಯ್ದು ಕರಗಿದೆ. ಮೊದಲ ಅಕ್ಷರ ಹ ಅಥವಾ ಕ. ಪೋಸ್ಟ್ ಮಾಸ್ತರರ ಭೂತಗನ್ನಡಿ ಕೇಳಿದ್ದೇನೆ.”

ಬರುವ ವರ್ಷದ ಕಾರ್ಡುಗಳಲ್ಲಿ ‘ನಮ್ಮ ಊರು’ ಎಂದು ಮೊದಲೇ ಬರೆದು, ಅದರ ಮುಂದೆ ಒಂದು ಗೆರೆ ಎಳೆದು ಖಾಲಿ ಬಿಡುವುದಾಗಿ ಅವಳು ತೀರ್ಮಾನಿಸಿದ್ದಾಳೆ.